ಹೊತ್ತು ಮುಳುಗುವುದರೊಳಗೆ

ನವೆಂಬರ್ 5, ಬುಧವಾರ. ಇಚಲಕರಂಜಿ

ಕೊಲ್ಹಾಪುರದ ನರ್ಸಿಂಗ್ ಕಾಲೇಜಿನಿಂದ ಫೋನು ಬಂತು. ಪಾಠ ಹೇಳುವ ಹುದ್ದೆ ನನಗೇ ಆಗಿದೆ. ಬರುವ ಬುಧವಾರ ಮೂಲ ಸರ್ಟಿಫಿಕೇಟುಗಳನ್ನು ಹಿಡಿದುಕೊಂಡು ಹೋಗಿ ಸಹಿ ಮಾಡಬೇಕು. ಅಂದು ಹೋಗದಿದ್ದರೆ ನನ್ನ ಹಿಂದಿರುವವರನ್ನು ಕರೆಯುತ್ತಾರಂತೆ.

ಇವರಿಗೆ ಹೇಳಿದೆ. (ಸಿದ್ರಾಮ ಎಂದು ಹೆಸರು ಬರೆಯಲು ಈ ವಯಸ್ಸಿನಲ್ಲೂ ಕೈ ಹಿಂಜರಿಯುತ್ತದೆ.) ಮಗ್ಗದ ಬಿಡಿಭಾಗಗಳ ಅಂಗಡಿ ಮುಚ್ಚಿ ಬಂದು ಎಣ್ಣೆಗೈ ತೊಳೆಯುತ್ತಿದ್ದರು. "ಮನ್ಯಾಗ ಇಷ್ಟ ವರ್ಷ ಪುಕ್ಕಟೆ ಪಾಠ ಹೇಳಿದಿ. ಇನ್ನ ಪಗಾರ ತಗೊಂಡ ಹೇಳು," ಎಂದರು.

ನಕ್ಕೆ. ಆದರೆ ನಗು ಬಹಳ ಹೊತ್ತು ಉಳಿಯಲಿಲ್ಲ. ಎರಡು ದಶಕ ವಾರ್ಡಿನಲ್ಲಿ ನಿಂತ ಕಾಲುಗಳಿವು. ಕೂತರೆ ಏನೋ ಮರೆತಂತೆ ಎದ್ದುಬಿಡುತ್ತವೆ. ಕವಿತೆಯ ಪುಸ್ತಕ ಹಿಡಿದರೆ ಒಂದೇ ಪುಟವನ್ನು ಮೂರು ಸಲ ಓದುತ್ತೇನೆ, ನಾಲ್ಕನೆಯ ಸಲ ಮುಚ್ಚಿಡುತ್ತೇನೆ. ಮನಸ್ಸು ಒಣಗಿದೆ ಎನಿಸುತ್ತದೆ. ಯಾರಾದರೂ ನರಳಿದರೆ ಮೊದಲು ಕಿರಿಕಿರಿಯಾಗುತ್ತದೆ, ಆಮೇಲೆ ಕನಿಕರ. ಇಂಥವಳು ವಾರ್ಡಿನಲ್ಲಿ ಇರಬಾರದು. ಕಾಲೇಜಿನಲ್ಲಿ ಕರಿಹಲಗೆ ನರಳುವುದಿಲ್ಲ.

ಇವತ್ತು ವಾರ್ಡಿನ ಆಯಾ ಚನ್ನವ್ವ ಮಾವಶಿಯ ಮೊಣಕಾಲು ಬಾತುಕೊಂಡಿತ್ತು. ಚಾದರ ಬದಲಿಸಲು ಬಗ್ಗಲಾಗದೆ ನಿಂತಿದ್ದಳು. ಅವಳನ್ನು ಬೈದು, ಕೂರಿಸಿ, ಆ ಸಾಲಿನ ಹಾಸಿಗೆಗಳಿಗೆಲ್ಲ ನಾನೇ ಚಾದರ ಹಾಸಿದೆ. ಬೈಯಬಾರದಿತ್ತು.

ನವೆಂಬರ್ 6, ಗುರುವಾರ

ಕಿಟಕಿಯ ಹತ್ತಿರದ ಹಾಸಿಗೆಯ ರತ್ನಮಾಲಾ ಅವರನ್ನು ವಾರ್ಡಿನವರೆಲ್ಲ ಆಯಿ ಎನ್ನುತ್ತಾರೆ. ಬೆಳ್ಳಿ ಕೆಲಸಕ್ಕೆ ಹೆಸರಾದ ಹುಪರಿಯವರು. ಬೆಳ್ಳಿ ಗೆಜ್ಜೆಗೆ ಬೆಸುಗೆ ಹಾಕುತ್ತಲೇ ಮುಪ್ಪಾದವರು. ಕಾದ ಚೂರೊಂದು ಕಾಲ ಮೇಲೆ ಬಿದ್ದದ್ದು ಅವರಿಗೆ ಗೊತ್ತೇ ಆಗಿಲ್ಲ. ಸಕ್ಕರೆ ಕಾಯಿಲೆಯ ಕಾಲಿಗೆ ನೋವು ತಿಳಿಯುವುದಿಲ್ಲ. ಈಗ ಒಂದು ಬೆರಳು ಕಪ್ಪಾಗಿದೆ. ಶುಗರ್ ಹತೋಟಿಗೆ ಬಂದರೆ ಆ ಬೆರಳನ್ನು ಮಾತ್ರ ತೆಗೆದು ಕಾಲು ಉಳಿಸುತ್ತೇನೆ, ತಡವಾದರೆ ಮಾತು ಕೊಡಲಾರೆ ಎಂದು ದೊಡ್ಡ ಡಾಕ್ಟರು ಹೇಳಿದ್ದಾರೆ.

ಆಯಿ ಜೈನರು. ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ನೀರೂ ಇಲ್ಲ. ಮದುವೆಗೆ ಮೊದಲು ಹಿಡಿದ ವ್ರತವಂತೆ. ಅದಕ್ಕೇ ಸಂಜೆ ಬೆಳಕಿರುವಾಗಲೇ ಮಗ ಶ್ರೇಣಿಕ ಹುಪರಿಯಿಂದ ಊಟದ ಡಬ್ಬಿ ತರುತ್ತಾರೆ. ಡಬ್ಬಿ ಬರುತ್ತಲೇ ಇನ್ಸುಲಿನ್, ಅದರ ಬೆನ್ನಿಗೇ ಊಟ. ಪಶ್ಚಿಮದ ಕಿಟಕಿಯಿಂದ ಮಗ್ಗದ ಶೆಡ್ಡುಗಳ ತಗಡು ಕಾಣುತ್ತದೆ. ಆಯಿ ತಗಡಿನ ಮೇಲಿನ ಬಿಸಿಲನ್ನು ನೋಡುತ್ತಲೇ ಉಣ್ಣುತ್ತಾರೆ.

"ಊಟಕ್ಕ ಹೊತ್ತು ನೋಡ್ತೀರಿ, ಸೂಜಿಗೆ ನೋಡೂದಿಲ್ಲೇನ್ರಿ ಆಯಿ?" ಎಂದು ಪೂನಮ ಕೇಳಿದಳು. ಗಡಹಿಂಗ್ಲಜದ ಹುಡುಗಿ, ನಮ್ಮ ವಾರ್ಡಿನ ಹೊಸ ನರ್ಸು.

"ಸೂಜಿಲೆ ಹೋಗೂದು ಔಷಧ, ಬಾಯಿಲೆ ಹೋಗೂದು ಊಟ. ಇಷ್ಟ ಓದಿ ಇದ ತಿಳೀಲಿಲ್ಲೇನು ನಿನಗ?" ಎಂದು ಆಯಿ ಅವಳ ಬರಿಗಾಲು ನೋಡಿದರು. "ಹುಡುಗಿ ಕಾಲಾಗ ಒಂದ ಎಳಿ ಬೆಳ್ಳಿ ಇಲ್ಲ! ಹುಪರಿಯವರ ಅನ್ನಕ್ಕ ಕಲ್ಲ ಹಾಕಾಕ ಹುಟ್ಟೀಯೇನ?"

ಪೂನಮ ನಕ್ಕ ನಗುವಿಗೆ ಪಕ್ಕದ ಹಾಸಿಗೆಯವರೂ ನಕ್ಕರು. ನಾನು ಮಾತ್ರ ಮುಂದಿನ ಕೆಲಸಕ್ಕೆ ಹೋಗಿಬಿಟ್ಟಿದ್ದೆ.

ನವೆಂಬರ್ 7, ಶುಕ್ರವಾರ

ಸರ್ಟಿಫಿಕೇಟುಗಳ ಫೈಲು ಸಿಕ್ಕಿತು. ಮತ್ತೆ ತೆಗೆದು ನೋಡಿದೆ. ಮತ್ತೆ ಇಟ್ಟೆ. ಏನೂ ಓದಲಿಲ್ಲ.

ನವೆಂಬರ್ 8, ಶನಿವಾರ

ನಿನ್ನೆ ನಾನು ಮನೆಗೆ ಬಂದಮೇಲೆ ಅನಾಹುತವಾಗಿದೆ.

ಕಬ್ಬಿನ ಸೀಸನ್ನು. ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳ ಹಿಂದೆ ಶ್ರೇಣಿಕರ ಗಾಡಿ ಸಿಕ್ಕಿಹಾಕಿಕೊಂಡಿತ್ತು. "ಐದ ಮಿನಿಟಿನಾಗ ಬಂದೆ," ಎಂದು ಅವರು ಫೋನಿನಲ್ಲಿ ಹೇಳಿದ್ದನ್ನು ನಂಬಿ ಪೂನಮ ಆಯಿಗೆ ಇನ್ಸುಲಿನ್ ಕೊಟ್ಟಳು. ಡಬ್ಬಿ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಆಯಿ ಡಬ್ಬಿ ಮುಟ್ಟಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಪೂನಮ ಹೊಸ ಪೇಷಂಟಿನ ಹತ್ತಿರ ಇದ್ದಳು. ದೂರದಿಂದ ಸ್ಟೂಲಿನ ಮೇಲಿನ ಡಬ್ಬಿ ನೋಡಿ, ಉಂಡಿದ್ದಾರೆ ಎಂದುಕೊಂಡಳಂತೆ. ಸೂಜಿಯ ಬೆನ್ನಿಗೆ ಊಟವಿಲ್ಲದೆ ರಕ್ತದ ಸಕ್ಕರೆ ಕುಸಿದು, ಸ್ವಲ್ಪ ಹೊತ್ತಿಗೆ ಆಯಿ ಬೆವತು, ಮಾತು ತೊದಲಿ, ಎಚ್ಚರ ತಪ್ಪಿದರು. ಪೂನಮಳೇ ರಕ್ತನಾಳಕ್ಕೆ ಗ್ಲುಕೋಜ್ ಕೊಟ್ಟು ಎಚ್ಚರಕ್ಕೆ ತಂದಳು.

ಬೆಳಿಗ್ಗೆ ಹೋದಾಗ ಶ್ರೇಣಿಕ ಬಾಗಿಲಲ್ಲೇ ಕೂಗಾಡುತ್ತಿದ್ದರು. "ಆಕಿ ಇಲ್ಲಿದ್ರ ನಮ್ಮವ್ವನ್ನ ಕರಕೊಂಡ ಹೋಗ್ತೀನ್ರಿ!" ದೊಡ್ಡ ಡಾಕ್ಟರು ಪೂನಮಳತ್ತ ನೋಡಲಿಲ್ಲ, ನನ್ನತ್ತ ನೋಡಿದರು. ನಾನು ಇನ್‌ಚಾರ್ಜ್. ಎಲ್ಲರ ಮುಂದೆ ಅವಳಿಗೆ ಅಂದೆ: "ತುತ್ತು ಬಾಯಿಗೆ ಹೋಗಿದ್ದು ನೋಡಲಿಲ್ಲ ಅಂದ್ರ, ನಿನ್ನ ಕೈಯಾಗ ಇನ್ನ ಸೂಜಿ ಕೊಡೂದು ಹೆಂಗ?"

ಅವಳು ತನ್ನ ಕೈಗಳನ್ನು ನೋಡಿಕೊಂಡಳು. "ಬಸ್ ಝಾಲಂ, ಸಾಕು, ನಾಳೆಯಿಂದ ಬರೂದ ಬ್ಯಾಡ," ಎಂದರು ಡಾಕ್ಟರು. ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದಳು.

ನಾನಂದದ್ದು ಸುಳ್ಳೇನಲ್ಲ. ಆದರೂ ಸಂಜೆಯಿಂದ ಒಲೆಯ ಮುಂದೆ ನಿಲ್ಲಲಾಗುತ್ತಿಲ್ಲ, ಹೊರಗೂ ನಿಲ್ಲಲಾಗುತ್ತಿಲ್ಲ. ಬುಧವಾರ ಬಂದರೆ ಸಾಕು.

ನವೆಂಬರ್ 9, ಭಾನುವಾರ

ರಜೆಯಿತ್ತು. ವಾರ್ಡಿಗೆ ಹೋದೆ.

ಆಯಿ ಉಣ್ಣುತ್ತಿಲ್ಲ. ನಿನ್ನೆಯೂ ಉಂಡಿಲ್ಲ. ಹಗಲಲ್ಲಿ ಕಾಯಿಸಿ ಆರಿಸಿದ ನೀರು ಮಾತ್ರ.

"ನಂದಾ, ನೀ ಖರೇ ಹೇಳು," ಎಂದು ನನ್ನ ಮುಂಗೈ ಹಿಡಿದರು. "ನನಗ ಎಚ್ಚರ ಇರದಾಗ ಬಾಯಾಗ ಏನರೆ ಹಾಕಿದ್ರೇನು?"

"ನಾ ಇರಲಿಲ್ರಿ ಆಯಿ. ಸೂಜಿಲೆ ಕೊಟ್ರು ಅಂತ ಬರದೈತಿ."

"ಬರದದ್ದ ಕೇಳಲಿಲ್ಲವ್ವಾ. ಎಚ್ಚರಾದಾಗ ತುಟಿ ಸಿಹಿ ಇತ್ತು."

ಶ್ರೇಣಿಕ ನಡುವೆ ಬಂದರು. "ಏನೂ ಹಾಕಿಲ್ಲವ್ವಾ, ಆಣಿ ಮಾಡಿ ಹೇಳ್ತೀನಿ."

"ನಿನ್ನ ಆಣಿ ನನಗ ಬ್ಯಾಡ. ಹ್ವಾದ ವರ್ಷ ಜ್ವರ ಬಂದಾಗ, ಮೋಡ ಆಗೇತಿ, ಹೊತ್ತ ಇನ್ನೂ ಮುಳುಗಿಲ್ಲ ಅಂತ ಹೇಳಿ ಗಂಜಿ ಕುಡಿಸಿದವ ನೀನ ಅಲ್ಲೇನು?"

ಮಗ ತಲೆ ತಗ್ಗಿಸಿದರು. ವ್ರತ ಮುರಿದಿದೆ ಎಂದು ಆಯಿ ನಂಬಿದ್ದಾರೆ. ಅದಕ್ಕೆ ಪ್ರಾಯಶ್ಚಿತ್ತದ ಉಪವಾಸ. ದಿನಾ ಬೆಳಿಗ್ಗೆ ಕೈಮುಗಿದು ಅಂದಿನ ಉಪವಾಸ ಹಿಡಿಯುತ್ತಾರೆ. ಎಲ್ಲಿಯವರೆಗೆ ಎಂದರೆ, "ಮನಸ್ಸ ಹಗರ ಆಗೂತನ," ಎನ್ನುತ್ತಾರೆ.

ಶುಗರ್ ಒಮ್ಮೆ ಏರುತ್ತದೆ, ಒಮ್ಮೆ ಕುಸಿಯುತ್ತದೆ. ಗಾಯ ತೊಳೆದು ಕಟ್ಟಿದೆ. ಪಕ್ಕದ ಬೆರಳಿಗೂ ಕಪ್ಪು ಹತ್ತಿದಂತಿದೆ. ಬೆಳಕು ಕಡಿಮೆಯಿದ್ದುದರಿಂದ ಹಾಗೆ ಕಂಡಿರಲಿ.

ನವೆಂಬರ್ 10, ಸೋಮವಾರ

ಬೆಳಕಿನ ತಪ್ಪಲ್ಲ. ಎರಡನೆಯ ಬೆರಳೂ ಕಪ್ಪಾಗಿದೆ. "ಊಟ ಇಲ್ಲದ ಆಪರೇಷನ್ ಹೆಂಗ ಮಾಡ್ಲಿ ಸಿಸ್ಟರ್? ಈ ವಾರ ಹೋತಂದ್ರ ಕಾಲ ಹೋಕ್ಕೈತಿ," ಎಂದರು ಡಾಕ್ಟರು.

ಚನ್ನವ್ವ ಮಾವಶಿ ಬಟ್ಟೆ ಮಡಿಸುತ್ತ ತಾನಾಗಿಯೇ ಮಾತು ತೆಗೆದಳು. "ಆ ಹುಡುಗಿನ್ನ ಬೈದ್ರಿ. ಬೈರಿ, ನಿಮ್ಮ ಹಕ್ಕ. ಆದ್ರ ಒಂದ ಮಾತ. ಅವತ್ತ ಆ ಮಗಾ ಮುಷ್ಟಿ ತುಂಬ ಸಕ್ಕರಿ ಹಿಡಕೊಂಡ ಬಂದಿದ್ದ. ಬಾಯಾಗ ಹಾಕಾಕ ಹ್ವಾದ. ಪೂನಮ ಅವನ ಮಣಿಕಟ್ಟ ಹಿಡದ ನಿಂತಿದ್ಲು, ಎರಡೂ ಕೈಲೆ. ಅಷ್ಟ ನೋಡಿ ನಾ ಡಾಕ್ಟರನ ಕರಿಯಾಕ ಓಡಿದೆ. ಮುಂದ ಏನಾತು ನನಗ ಗೊತ್ತಿಲ್ಲ."

ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಉಸಿರುನಾಳಕ್ಕೆ ಹೋಗುತ್ತದೆ. ಅದನ್ನು ನಮಗೆ ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಆದರೆ ಒಬ್ಬ ಗಂಡಸು ಅವ್ವಾ ಅವ್ವಾ ಎಂದು ಅರಚುತ್ತಿರುವಾಗ ಅವನ ಕೈ ಹಿಡಿದು ನಿಲ್ಲುವುದನ್ನು ಯಾರೂ ಕಲಿಸುವುದಿಲ್ಲ. ನನಗೆ ಅದನ್ನು ಪೂನಮ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಬಂದ್ ಇತ್ತು.

ನವೆಂಬರ್ 11, ಮಂಗಳವಾರ

ಶ್ರೇಣಿಕರನ್ನು ಹೊರಗೆ ಕರೆದು ನೇರವಾಗಿ ಕೇಳಿದೆ: ಸಕ್ಕರೆ ಒಳಗೆ ಹೋಯಿತೇ ಇಲ್ಲವೇ? ಮೊದಲು ಸಿಟ್ಟಾದರು. ಆಮೇಲೆ ಜಿನ್ನೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ನನಗ ಗೊತ್ತಿಲ್ರಿ ಸಿಸ್ಟರ್. ಕೈ ನಡುಗಾಕತ್ತಿತ್ತು. ತುಟಿಗೆ ಹತ್ತಿದ್ದ ಗೊತ್ತೈತಿ. ಒಳಗ ಹೋತೇನು... ಅವ್ವ ಮಾರಿ ನೋಡಿ ಕೇಳಿದ್ರ ಹೋಗಿಲ್ಲ ಅಂತೀನಿ, ಆದ್ರ ನನಗ ಗೊತ್ತಿಲ್ಲ. ಆಕಿಗೆ ಅದ ತಿಳೀತದ."

"ಪೂನಮಗ ಗೊತ್ತಿರ್ತದ. ಕರಕೊಂಡ ಬರಲೇನು?"

"ಆಕಿನ್ನ ನೋಡಿದ್ರ ನನಗ ಬೆಂಕಿ ಹತ್ತತೈತ್ರಿ," ಎಂದರು. ಆಮೇಲೆ, "ಕರಕೊಂಡ ಬರ್ರಿ," ಎಂದರು.

ಡಾಕ್ಟರು ಮಾತ್ರ, "ಬಂದ ಹೇಳಿ ಹೋಗಲಿ. ಕೆಲಸದ ಮಾತ ಇಲ್ಲ," ಎಂದರು.

ರಾತ್ರಿ ಊಟಕ್ಕೆ ಕೂತಾಗ ಗಡಹಿಂಗ್ಲಜಕ್ಕೆ ಮೊದಲ ಬಸ್ಸು ಯಾವಾಗ ಎಂದು ಇವರನ್ನು ಕೇಳಿದೆ.

"ನಾಳೆ ಬುಧವಾರ ಐತಿ," ಎಂದರು.

"ಬುಧವಾರ ಬಸ್ಸ ಇಲ್ಲೇನ್ರಿ?"

ಇವರು ನನ್ನನ್ನೇ ನೋಡಿ, ರೊಟ್ಟಿ ಮುರಿದರು. "ಐತಿ. ನಿಪ್ಪಾಣಿಗೆ ಹೋಗಿ ಬದಲಿ ಮಾಡು."

ನವೆಂಬರ್ 12, ಬುಧವಾರ

ಬರೆಯಲು ಬಹಳವಿದೆ. ಕೈ ಸೋತಿದೆ. ಆದರೂ ಬರೆಯುತ್ತೇನೆ.

ನಿಪ್ಪಾಣಿಯಲ್ಲಿ ಬಸ್ಸು ಬಹಳ ಹೊತ್ತು ಬರಲಿಲ್ಲ, ಗಡಹಿಂಗ್ಲಜ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಪೂನಮಳ ಮನೆ ಪೇಟೆಯ ಹಿಂದಿನ ಓಣಿಯಲ್ಲಿದೆ. ಅಂಗಳದಲ್ಲಿ ಅವಳ ತಾಯಿ ಗುರುಸಿದ್ದವ್ವ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ನನ್ನ ಹೆಸರು ಕೇಳಿದ್ದೇ ಕೈ ನಿಲ್ಲಿಸಿದರು.

"ಆ ಸಿಸ್ಟರ್ ನೀವ ಏನ್ರಿ? ಬರ್ರಿ, ಕೂಡ್ರಿ. ಚಾ ಕುಡೀರಿ. ಆಮ್ಯಾಲ ಹೇಳ್ರಿ, ನನ್ನ ಮಗಳು ಉಣ್ಣೂದ ಬಿಟ್ಟಾಳಲ್ಲ, ಅದಕ್ಕ ಯಾವ ಸೂಜಿ ಐತಿ ನಿಮ್ಮ ದವಾಖಾನಿಯಾಗ?"

ಚಹಾ ಕುಡಿದೆ. ಮೆಣಸಿನ ಘಾಟಿಗೆ ಕಣ್ಣಲ್ಲಿ ನೀರು ಬಂತು.

ಪೂನಮ ಒಳಗಿನಿಂದ ಬಂದು ಬಾಗಿಲಿಗೆ ಆತು ನಿಂತಳು. ಮುಖ ಸೊರಗಿದೆ. "ನಾ ಅಂದದ್ದು ಹೆಚ್ಚಾತು ತಂಗಿ," ಎಂದೆ.

"ನೀವಂದದ್ದು ಖರೇನ ಇತ್ರಿ ಅಕ್ಕಾ. ನಾ ನೋಡಲಿಲ್ಲ."

"ಸಕ್ಕರಿ ಹಿಡದ ಕೈ ತಡದದ್ದ ಯಾಕ ಹೇಳಲಿಲ್ಲ?"

"ಅದನ ಹೇಳಿದ್ರ ತಪ್ಪ ಮುಚ್ಚಾಕ ಹೇಳಿದಂಗ ಆಕ್ಕಿತ್ತು."

ಆಯಿ ಉಪವಾಸವಿದ್ದಾರೆ ಎಂದೆ. ಯಾಕೆ ಎಂದೂ ಹೇಳಿದೆ. ಅವಳು ಮತ್ತೇನೂ ಕೇಳದೆ ಚಪ್ಪಲಿ ಮೆಟ್ಟಿದಳು. ಗುರುಸಿದ್ದವ್ವ ನಮ್ಮ ಹಿಂದೆ ಓಡಿಬಂದು ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ನನ್ನ ಕೈಗೇ ಕೊಟ್ಟರು, ಮಗಳ ಕೈಗಲ್ಲ. "ಹಾದಿಯಾಗ ಉಣಸ್ರಿ. ನೀವೂ ಉಣ್ರಿ. ನಿಮ್ಮ ಮಾರಿನೂ ಏನ ಚಂದಿಲ್ಲ."

ನಿಪ್ಪಾಣಿಯಲ್ಲಿ ಬಸ್ಸು ಕಾಯುವಾಗ ಇಬ್ಬರೂ ಉಂಡೆವು. ಅವಳು ಒಂದು ರೊಟ್ಟಿ, ಆಮೇಲೆ ಇನ್ನರ್ಧ. ಅವಳಿಗೆ ಹೇಳಿಕೊಟ್ಟೆ: "ಹೆಚ್ಚು ಮಾತ ಬ್ಯಾಡ. ಬಾಯಾಗ ಏನೂ ಹೋಗಿಲ್ಲ ಅಂತ ಒಂದ ಮಾತ ಹೇಳು. ಮುಂದಿಂದು ನಾ ನೋಡಕೋತೀನಿ." ಅವಳು ಉಳಿದ ರೊಟ್ಟಿಯ ಗಂಟು ಬಿಗಿದು ಕಟ್ಟಿದಳು.

ನಿಪ್ಪಾಣಿ ದಾಟಿದ ಮೇಲೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಿಕ್ಕವು. ಒಂದೊಂದರ ಹಿಂದೆ ಎರಡೆರಡು ಟ್ರಾಲಿ. ಬಸ್ಸು ಅವುಗಳ ಹಿಂದೆ ತೆವಳಿತು. ಸೂರ್ಯ ಕಬ್ಬಿನ ಗರಿಗಳ ಮಟ್ಟಕ್ಕೆ ಇಳಿದಿದ್ದ. ಮುಳುಗಿದರೆ ಆಯಿ ಇನ್ನೊಂದು ರಾತ್ರಿ ಬರಿಹೊಟ್ಟೆಯಲ್ಲಿ. ಎದ್ದು ನಿಂತೆ, ಕೂತೆ, ಮತ್ತೆ ಎದ್ದೆ. ಕಂಡಕ್ಟರು ಮರಾಠಿಯಲ್ಲಿ, "ತಾಯಿ, ನೀವು ನಿಂತರೆ ಬಸ್ಸು ಜೋರಾಗಿ ಓಡುವುದಿಲ್ಲ," ಎಂದು ಛೇಡಿಸಿದ. ಕೈಚೀಲದಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಎತ್ತಲಿಲ್ಲ. ಅಷ್ಟು ಗದ್ದಲದಲ್ಲಿ ಏನು ಕೇಳಿಸೀತು.

ಸ್ಟ್ಯಾಂಡಿನಿಂದ ರಿಕ್ಷಾ. ಜಿನ್ನೆಯನ್ನು ಇಬ್ಬರೂ ಓಡಿಯೇ ಹತ್ತಿದೆವು. ತಗಡಿನ ಮೇಲೆ ಬಿಸಿಲು ಇನ್ನೂ ಒಂದು ಗೇಣು ಇತ್ತು.

ಆಯಿ ದಿಂಬಿಗೆ ಒರಗಿ ಕೂತಿದ್ದರು. ಶ್ರೇಣಿಕ ಪೂನಮಳನ್ನು ನೋಡಿ ಎದ್ದು ನಿಂತರು. ಆಯಿ ಮಗನನ್ನು ನೋಡಲಿಲ್ಲ. "ಬಂದೇನ? ಹೇಳು," ಎಂದರು.

ನಾನು ಹೇಳಿಕೊಟ್ಟ ಒಂದು ಮಾತನ್ನು ಅವಳು ಹೇಳಲಿಲ್ಲ.

"ಮೊದಲ ನನ್ನ ತಪ್ಪ ಹೇಳ್ತೀನ್ರಿ ಆಯಿ. ಡಬ್ಬಿ ಬರೂಕಿಂತ ಮೊದಲ ಸೂಜಿ ಕೊಟ್ಟೆ. ನೀವು ಉಂಡ್ರೋ ಇಲ್ಲೋ ನೋಡಲಿಲ್ಲ. ನಿಮಗ ಎಚ್ಚರ ತಪ್ಪಿದ್ದು ನನ್ನ ಕೈಲೆ." ಪಕ್ಕದ ಹಾಸಿಗೆಯವರು ಎದ್ದು ಕೂತರು. "ಆಮ್ಯಾಲ ಅಣ್ಣಾರು ಸಕ್ಕರಿ ತಂದ್ರು. ನಾ ಕೈ ಹಿಡದೆ. ಒಂದ ಚೂರ ನಿಮ್ಮ ತುಟಿಗೆ ಹತ್ತಿತು. ನಿಮ್ಮ ಹಲ್ಲ ಬಿಗದಿದ್ವು, ಒಳಗ ಹೋಗಲಿಲ್ಲ. ನಾನ ಹಸಿ ಬಟ್ಟೀಲೆ ಒರಸಿದೆ. ಪೂರಾ ಹೋಗಿರಲಿಲ್ಲ ಕಾಣತೈತಿ, ಅದಕ್ಕ ಸಿಹಿ ಹತ್ತಿರಬೇಕ್ರಿ. ಬಾಯಾಗ ಏನೂ ಹೋಗಿಲ್ಲ. ಸೂಜಿಲೆ ಅಷ್ಟ."

ಆಯಿ ಅವಳ ಮುಖವನ್ನು ಬಹಳ ಹೊತ್ತು ನೋಡಿದರು, ಬೆಸುಗೆ ಕೂಡಿದೆಯೋ ಇಲ್ಲವೋ ಎಂದು ನೋಡುವ ಹಾಗೆ.

"ತನ್ನ ತಪ್ಪ ಮೊದಲ ಹೇಳಿದಾಕಿ, ಇದೊಂದ ಯಾಕ ಸುಳ್ಳ ಹೇಳ್ಯಾಳು," ಎಂದರು. ಮಗನಿಗೆ ಹೇಳಿದರೋ ತಮಗೇ ಹೇಳಿಕೊಂಡರೋ. ಶ್ರೇಣಿಕ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡರು.

ನಾನು ಡಬ್ಬಿ ಬಿಚ್ಚಲು ಹೋದೆ. ಆಯಿ ನಕ್ಕುಬಿಟ್ಟರು, ಈ ದಿನಗಳಲ್ಲಿ ಮೊದಲ ಸಲ. "ಇಷ್ಟ ಗಡಬಡಿ ಯಾಕ ನಂದಾ? ಇವತ್ತಿನ ಉಪವಾಸ ಮುಂಜಾನೆ ಹಿಡದೇನಿ, ನಡುವ ಬಿಡಾಕ ಬರೂದಿಲ್ಲ. ನಾಳೆ ಹೊತ್ತ ಏರಿದ ಮ್ಯಾಲ ಉಣ್ತೀನಿ. ಈಗ ನೀರ ಕೊಡ್ಸು. ಆಕಿ ಕೈಲೆ." ನೀರು ಕುಡಿದು ಲೋಟ ಕೊಟ್ಟ ಮೇಲೆ ಪೂನಮಳಿಗೆ, "ನಾಳೆ ಮುಂಜಾನೆ ನೀನ ಇರಬೇಕ. ಇರದಿದ್ರ ನಾ ಉಣ್ಣಾಂಗಿಲ್ಲ ಅಂತ ನಿಮ್ಮ ಡಾಕ್ಟರಗ ಹೇಳು," ಎಂದರು.

ಡಾಕ್ಟರು ಬಾಗಿಲಲ್ಲೇ ನಿಂತಿದ್ದರು. ನನ್ನತ್ತ ನೋಡಿದರು. ಈ ಸಲ ನಾನು ಅವರತ್ತಲೇ ನೋಡಿದೆ. "ಡ್ಯೂಟಿ ಹಾಕ್ರಿ," ಎಂದು ಹೋದರು.

ಪೂನಮ ನಮ್ಮ ಮನೆಯಲ್ಲೇ ಮಲಗಿದ್ದಾಳೆ.

ನವೆಂಬರ್ 13, ಗುರುವಾರ

ಹೊತ್ತು ಏರಿದ ಮೇಲೆ ಹೆಸರುಬೇಳೆ ಸಾರು, ಮೆತ್ತನೆ ಅನ್ನ. ಆಯಿ ಉಂಡರು.

ಕಾಲೇಜಿನವರು ನಿನ್ನೆ ಫೋನು ಮಾಡಿದ್ದರು ಎಂದು ಮಧ್ಯಾಹ್ನ ನೋಡಿದೆ. ತಿರುಗಿ ಮಾಡಬೇಕು ಎಂದುಕೊಂಡೆ. ಅಷ್ಟರಲ್ಲಿ ಹೊಸ ಅಡ್ಮಿಷನ್ ಬಂತು.

ನವೆಂಬರ್ 15, ಶನಿವಾರ

ಎರಡು ಬೆರಳು ಹೋದವು. ಕಾಲು ಉಳಿಯಿತು. "ಎಂಟ ಅದಾವಲ್ಲ, ಸಾಕು," ಎಂದರು ಆಯಿ, ಮಂಪರಿನಲ್ಲೇ.

ಪೂನಮ ಎಲ್ಲ ಕೆಲಸ ಮಾಡುತ್ತಾಳೆ, ಇನ್ಸುಲಿನ್ ಒಂದನ್ನು ಬಿಟ್ಟು. ಸಿರಿಂಜು ಹಿಡಿದರೆ ಬೆರಳು ನಡುಗುತ್ತವೆ. ಯಾರಿಗೂ ಗೊತ್ತಾಗದಂತೆ ನಾನೇ ಕೊಡುತ್ತಿದ್ದೇನೆ. ಹೀಗೆ ಎಷ್ಟು ದಿನ?

ನವೆಂಬರ್ 18, ಮಂಗಳವಾರ

ಬೆಳಿಗ್ಗೆ ಇವರು ಕಪಾಟಿನ ಮೇಲಿನ ಫೈಲು ತೋರಿಸಿ, "ಇದನ ಏನ್ ಮಾಡೂದು? ಧೂಳ ಹತ್ತಾಕತ್ತೈತಿ," ಎಂದರು. ಒಳಗಿಡಿ ಎಂದೆ. ಕವಿತೆಯ ಪುಸ್ತಕವೂ ಮನೆಯಲ್ಲಿಲ್ಲ. ಆಯಿಗೆ ಓದಿ ಹೇಳಲು ಒಯ್ದದ್ದು ಅಲ್ಲೇ ಉಳಿದಿದೆ. ಆಯಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಮರಾಠಿಯವು. ಒಂದು ಕವಿತೆ ಕೇಳಿ, "ಅರ್ಥ ಆಗಲಿಲ್ಲ, ಆದ್ರ ಇನ್ನೊಮ್ಮೆ ಓದು," ಎಂದಿದ್ದರು.

ಸಂಜೆ ಡಬ್ಬಿ ಬಂತು. ನಾನು ಸಿರಿಂಜಿಗೆ ಕೈ ಹಾಕುವಷ್ಟರಲ್ಲಿ ಆಯಿ ಕೈ ಅಡ್ಡ ಹಿಡಿದರು.

"ನೀ ಸರಿ. ಪೂನಮ, ಬಾ ಇಲ್ಲಿ."

"ಆಯಿ, ನನ್ನ ಕೈ..."

"ನೋಡೇನಿ ನಿನ್ನ ಕೈ. ನಾನೂ ಮೊದಲನೇ ಸಲ ಬೆಸುಗಿ ಸುಟ್ಟು ಕೆಡಿಸಿದ ಮ್ಯಾಲ ಹಿಂಗ ನಡಗಿದ್ದೆ. ನಾ ತುತ್ತ ಹಿಡಕೊಂಡ ಕೂಡ್ತೀನಿ, ನೀ ಸೂಜಿ ಹಿಡಕೊಂಡ ಕೂಡು. ನನ್ನ ತುತ್ತು ನಿನಗ ಕಾಣತೈತಿ, ನಿನ್ನ ಸೂಜಿ ನನಗ ಕಾಣತೈತಿ. ಕೂಡೇ ಮಾಡೂಣು."

ಆಯಿ ಚಪಾತಿ ಮುರಿದು, ಪಲ್ಯ ಹಚ್ಚಿ, ತುತ್ತನ್ನು ಬಾಯಿಯ ಹತ್ತಿರ ಎತ್ತಿ ಹಿಡಿದರು. ಪೂನಮ ಸಿರಿಂಜು ಹಿಡಿದಳು. ನಡುಗಿತು. ತುತ್ತು ಅಲ್ಲೇ ಕಾಯಿತು. ಮತ್ತೆ ಹಿಡಿದಳು. ಚುಚ್ಚಿದಳು. ಸೂಜಿ ಹೊರಗೆ ಬಂದದ್ದೇ ತುತ್ತು ಒಳಗೆ ಹೋಯಿತು.

"ಉಪ್ಪ ಕಡಿಮಿ ಆಗೇತಿ," ಎಂದರು ಆಯಿ, ಮಗನತ್ತ ತಿರುಗಿ.

ತಗಡಿನ ಮೇಲಿನ ಬಿಸಿಲು ಹೋಗುವವರೆಗೆ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಡಬ್ಬಿ ಇವತ್ತೂ ಕೊನೆಯ ಗಳಿಗೆಗೆ ಬಂತು. ಹಗಲು ಇನ್ನೂ ಗಿಡ್ಡವಾಗುತ್ತಿದೆ, ಕಬ್ಬಿನ ಗಾಡಿಗಳೂ ಹೆಚ್ಚುತ್ತಿವೆ. ನಾಳೆಯಿಂದ ಇನ್ನೂ ಬೇಗ ಹೊರಡಲು ಶ್ರೇಣಿಕರಿಗೆ ಹೇಳಬೇಕು.